ರೊಟ್ಟಿ ತಟ್ಟುವ ಕೈ ಮರಳಿ ಬರಬೇಕಾದರೆ

ಜೋಳದ ರೊಟ್ಟಿ ತಟ್ಟುವವರ ಕೈಯನ್ನು ಒಮ್ಮೆ ನೋಡಿ. ಅಂಗೈ ಅಗಲವಾಗಿ, ಬೆರಳು ನೆಟ್ಟಗೆ ಬಿಚ್ಚಿಕೊಂಡು ಹಿಟ್ಟಿನ ಮೇಲೆ ಬೀಳುತ್ತವೆ. ಊಟಕ್ಕೆ ಕೂತರೆ ಅದೇ ಐದು ಬೆರಳು ಕೂಡಿ ತುತ್ತು ಕಟ್ಟುತ್ತವೆ, ಸಂಜೆ ಮಲ್ಲಿಗೆಗೆ ದಾರ ಸುತ್ತುತ್ತವೆ. ಕಾದ ಎಣ್ಣೆಯೋ ಗ್ಯಾಸಿನ ಬೆಂಕಿಯೋ ಆ ಕೈಯನ್ನು ಸುಟ್ಟರೆ ಮೂರೂ ಕೆಲಸ ಒಟ್ಟಿಗೇ ನಿಲ್ಲುತ್ತವೆ.

ಒಂದು ಕೈಯ ಚರ್ಮ ಇಡೀ ಮೈಯ ಚರ್ಮದಲ್ಲಿ ಶೇ 3ರಷ್ಟೂ ಆಗದು. ಆದರೂ ಕೈ ಆಳವಾಗಿ ಸುಟ್ಟಿದ್ದರೆ, ಗಾಯ ಎಷ್ಟೇ ಸಣ್ಣದಿರಲಿ, ತಜ್ಞರಿಗೆ ತೋರಿಸಲೇಬೇಕು. ‘ಗಾಯ ಒಣಗಿತಲ್ಲ, ಇನ್ನೇನು’ ಎಂದು ಸುಮ್ಮನಾಗುವುದೇ ನಾವು ಮಾಡುವ ದೊಡ್ಡ ತಪ್ಪು. ಮೇಲಿನ ಚರ್ಮ ಕೂಡಿಕೊಂಡ ಮೇಲೂ ಕಲೆ ತಿಂಗಳುಗಟ್ಟಲೆ ಬಿಗಿಯುತ್ತ, ಕುಗ್ಗುತ್ತ ಹೋಗುತ್ತದೆ. ನೋಯುವ ಕೈ ತನಗೆ ಹಿತವೆನಿಸುವ ಭಂಗಿ ಹುಡುಕುತ್ತದೆ: ಮಣಿಕಟ್ಟು ಜೋತು ಬೀಳುತ್ತದೆ, ಬೆರಳ ಬುಡ ಹಿಂದಕ್ಕೆ ಸೆಟೆಯುತ್ತದೆ, ತುದಿಗಳು ಮಡಚಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಕೈ ಪಂಜದಂತೆ ಸೊಟ್ಟಗಾಗಿ ನಿಲ್ಲುತ್ತದೆ.

ಇದನ್ನು ತಡೆಯುವವರು, ನಿತ್ಯದ ಕೆಲಸಗಳಿಗೆ ಕೈಯನ್ನು ಮರಳಿ ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್. ಅವರ ಮೊದಲ ಆಯುಧ ಸ್ಪ್ಲಿಂಟ್, ಅಂದರೆ ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಬಿಸಿನೀರಿಗೆ ಇಳಿಸುತ್ತಾರೆ. ಅದು ಹಸಿ ಹಪ್ಪಳದಂತೆ ಮೆತ್ತಗಾದಾಗ ಎತ್ತಿ, ಒರೆಸಿ, ಮೊದಲು ತಮ್ಮ ತೋಳಿಗೇ ತಾಗಿಸಿ ಬಿಸಿ ನೋಡುತ್ತಾರೆ. ಆಮೇಲೆ ರೋಗಿಯ ಕೈಗೆ ಹೊಂದಿಸಿ ಹಿಡಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಆ ಕೈಯ ಅಚ್ಚಾಗಿ ಗಟ್ಟಿಯಾಗುತ್ತದೆ. ಅಂಗೈಯ ಹಿಂಬದಿ ಸುಟ್ಟಿದ್ದರೆ ಮಣಿಕಟ್ಟು ಕೊಂಚ ಮೇಲೆ, ಬೆರಳ ಬುಡದ ಕೀಲು 70ರಿಂದ 90 ಡಿಗ್ರಿ ಬಾಗಿ, ಬೆರಳು ನೆಟ್ಟಗೆ, ಹೆಬ್ಬೆರಳು ದೂರ. ಹೀಗಿದ್ದಾಗ ಕೀಲಿನ ಪಕ್ಕದ ಕಟ್ಟುಗಳು (ಲಿಗಮೆಂಟ್) ಎಳೆದುಕೊಂಡೇ ಇರುತ್ತವೆ, ಗಿಡ್ಡವಾಗುವುದಿಲ್ಲ. ಅಂಗೈ ಸುಟ್ಟಿದ್ದರೆ ಲೆಕ್ಕವೇ ಬೇರೆ. ಆಗ ರೊಟ್ಟಿ ತಟ್ಟುವವರ ಹಾಗೆ ಅಂಗೈ ಅಗಲಿಸಿ ಕಟ್ಟಬೇಕು.

ಮುಂದಿನದೆಲ್ಲ ತಾಳ್ಮೆಯ ಕೆಲಸ. ಅಕ್ಕಿ ತುಂಬಿದ ಬೋಗುಣಿಯಿಂದ ಕಾಳು ಆರಿಸುವುದು, ಹಿಟ್ಟು ನಾದುವುದು, ಗುಂಡಿ ಹಾಕುವುದು. ಇವು ವ್ಯಾಯಾಮವೂ ಹೌದು, ಬದುಕೂ ಹೌದು. ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಿಗಿ ಗ್ಲೌಸನ್ನು ದಿನಕ್ಕೆ 23 ಗಂಟೆ, ಕೆಲವೊಮ್ಮೆ ವರ್ಷ ಮೀರಿಯೂ ತೊಡಬೇಕಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ, ಆ ತುರಿಕೆಯಲ್ಲಿ, ಅದನ್ನು ಕಿತ್ತೆಸೆಯಬೇಕು ಅನ್ನಿಸುವುದು ಸಹಜ. ತೊಟ್ಟೇ ಇರುವವರ ಛಲ ದೊಡ್ಡದು. ಇನ್ನೊಂದು ನೋವು ಯಾವ ಅಳತೆಗೂ ಸಿಗದು: ನೆಂಟರ ಮನೆಯಲ್ಲಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪಂಕ್ತಿಯಲ್ಲಿ ಕೂರದೆ ಹೊರಗುಳಿಯುವುದು. ನಾಲ್ಕು ಜನರೆದುರು ಆ ಕೈಯಿಂದಲೇ ಅನ್ನ ಕಲಸಿ ತಿಂದ ದಿನ ಚಿಕಿತ್ಸೆ ಅರ್ಧ ಗೆದ್ದಂತೆ.

1950ರಲ್ಲಿ ಕಮಲಾ ನಿಂಬ್ಕರ್ ಮುಂಬೈಯಲ್ಲಿ ಆಕ್ಯುಪೇಷನಲ್ ಥೆರಪಿ ಎಂಬ ಈ ವಿದ್ಯೆಯ ಶಾಲೆ ತೆರೆದರು. ಇಂದು ಮಣಿಪಾಲದಲ್ಲೂ ಇದನ್ನು ಕಲಿಸುತ್ತಾರೆ. ಆದರೂ ಇದರ ಹೆಸರೇ ಕಿವಿಗೆ ಬೀಳದೆ ಆಸ್ಪತ್ರೆಯಿಂದ ಮನೆಗೆ ಹೋಗುವವರಿದ್ದಾರೆ. ನಿಮ್ಮವರ ಕೈ ಸುಟ್ಟಿದ್ದರೆ, ಡಿಸ್ಚಾರ್ಜ್ ಚೀಟಿ ಬರೆಸಿಕೊಳ್ಳುವ ಮೊದಲೇ ವೈದ್ಯರನ್ನು ಕೇಳಿ: ಈ ಕೈಗೆ ಸ್ಪ್ಲಿಂಟ್ ಬೇಕೇ, ಥೆರಪಿಸ್ಟ್ ಎಲ್ಲಿ ಸಿಗುತ್ತಾರೆ?