ನಿಮಗಿದು ಗೊತ್ತೇ? ಕಣ್ಣೋಟದಿಂದ ಕಾಲಿಗೆ ಬುದ್ಧಿ ಹೇಳುವವರೆಗೆ

ಪ್ರೇಮಕ್ಕೆ ಹತ್ತು ಮೆಟ್ಟಿಲು ಎಂದು ಎಣಿಸಿಟ್ಟವನು ವಾತ್ಸ್ಯಾಯನ. ಕಣ್ಣಿಗೆ ಹಿಡಿಸುವುದು ಮೊದಲನೆಯದು. ಆಮೇಲೆ ಮನಸ್ಸು ಅಂಟಿಕೊಳ್ಳುವುದು, ಸಂಕಲ್ಪ, ನಿದ್ದೆಗೇಡು, ಮೈ ಸೊರಗುವುದು, ಬೇರೇನೂ ಬೇಡವೆನಿಸುವುದು, ನಾಚಿಕೆ ಬಿಡುವುದು, ಹುಚ್ಚು, ಮೂರ್ಛೆ. ಹತ್ತನೆಯದು ಮರಣ. ಈ ಪಟ್ಟಿ ಕಾಮಸೂತ್ರದಲ್ಲಿ ಎಲ್ಲಿದೆ ಗೊತ್ತೇ? ಮದುವೆಯ ಭಾಗದಲ್ಲಲ್ಲ, ಪರರ ಹೆಂಡಿರ ವಿಷಯ ಹೇಳುವ ಐದನೆಯ ಅಧಿಕರಣದಲ್ಲಿ. ಸ್ವಂತ ಹೆಂಡತಿಗಾಗಿ ಯಾರೂ ಅಷ್ಟು ಮೆಟ್ಟಿಲು ಹತ್ತಲಾರರು ಎಂದು ಮುನಿಗೆ ಅನಿಸಿತ್ತೋ ಏನೋ.

ಹತ್ತನ್ನೂ ಓಡೋಡಿ ಹತ್ತಿದವನು ಕೀಚಕ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಸೈರಂಧ್ರಿಯನ್ನು ಕಂಡ ಗಳಿಗೆಯಿಂದ ಅವನಿಗೆ ಊಟವಿಲ್ಲ, ನಿದ್ದೆಯಿಲ್ಲ, ಮಾನವೂ ಇಲ್ಲ. ಕೊನೆಗೆ ಸಿಂಗರಿಸಿಕೊಂಡು ಕತ್ತಲೆಯ ನಾಟ್ಯಶಾಲೆಗೆ ಹೋಗುತ್ತಾನೆ. ಅಲ್ಲಿ ಸೀರೆಯುಟ್ಟು ಕಾಯುತ್ತಿರುವವನು ಭೀಮ. ಹತ್ತನೆಯ ಮೆಟ್ಟಿಲನ್ನು ಅವನೇ ಕೈಹಿಡಿದು ಹತ್ತಿಸುತ್ತಾನೆ.

ಎಣಿಕೆಯಲ್ಲಿ ಮಾತ್ರ ಶಾಸ್ತ್ರಕಾರರಿಗೆ ಒಮ್ಮತವಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ನಾಯಿಕೆಯರು ಎಂಟು ಬಗೆ. ಜಗಳವಾಡಿ ಗಂಡನನ್ನು ಓಡಿಸಿ ಆಮೇಲೆ ಪೇಚಾಡುವವಳಿಗೂ ಅಲ್ಲಿ ಒಂದು ಹೆಸರಿದೆ, ಕಲಹಾಂತರಿತೆ. ತಮಿಳಿನ ಸಂಗಂ ಕವಿಗಳಿಗೆ ಪ್ರೇಮದ ಐದೇ ಸ್ಥಿತಿ ಸಾಕು, ಐದಕ್ಕೂ ಒಂದೊಂದು ನೆಲ: ಕೂಡಲು ಬೆಟ್ಟ, ಕಾಯಲು ಕಾಡು, ಮುನಿಯಲು ಗದ್ದೆಬಯಲು, ಹಂಬಲಿಸಲು ಕಡಲ ದಂಡೆ, ಅಗಲಲು ಬೆಂಗಾಡು. ಫ್ರಾನ್ಸಿನ ಸ್ಟೆಂಡಾಲ್ 1822ರಲ್ಲಿ ಪ್ರೇಮದ ಮೇಲೆ ಒಂದು ಪುಸ್ತಕ ಬರೆದು ಅದರ ಹಂತ ಏಳು ಎಂದ. ಆ ಪುಸ್ತಕಕ್ಕೆ 1833ರವರೆಗೆ ಸಿಕ್ಕವರು 17 ಓದುಗರು ಎಂದು ಮುನ್ನುಡಿಯಲ್ಲಿ ಗೊಣಗಿದವನೂ ಅವನೇ.

ಪಂಡಿತರು ಹೀಗೆ ಮೆಟ್ಟಿಲು ಕಟ್ಟುತ್ತ ಹೋದರು, ಹಾಸ್ಯಕವಿಗಳು ಹಿಂದಿನಿಂದ ಬಂದು ಒಂದೊಂದರ ಮೇಲೂ ಬಾಳೆಹಣ್ಣಿನ ಸಿಪ್ಪೆ ಎಸೆದರು. ಯಾವ ಮೆಟ್ಟಿಲಲ್ಲಿ ಯಾರು ಜಾರಿದರು, ನೋಡೋಣ.

ರೋಮಿನ ಓವಿಡ್ ಎರಡು ಸಾವಿರ ವರ್ಷದ ಹಿಂದೆ ಪ್ರೇಮಕ್ಕೊಂದು ಪಠ್ಯಪುಸ್ತಕವನ್ನೇ ಪದ್ಯದಲ್ಲಿ ಬರೆದ. ಮೂರು ಸಂಪುಟ. ಹೆಣ್ಣನ್ನು ಎಲ್ಲಿ ಹುಡುಕಬೇಕು, ಸಿಕ್ಕವಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಎರಡು ಪಾಠ ಗಂಡಸರಿಗೆ, ಮೂರನೆಯದು ಹೆಂಗಸರಿಗೆ. ರಥದ ಪಂದ್ಯ ನೋಡಲು ಹೋದಾಗ ಪಕ್ಕದವಳ ಮಡಿಲ ಮೇಲೆ ಧೂಳು ಬಿದ್ದರೆ ಮೆಲ್ಲಗೆ ಒರೆಸಬೇಕಂತೆ; ಧೂಳು ಬೀಳದಿದ್ದರೆ, ಆ ಇಲ್ಲದ ಧೂಳನ್ನೇ ಒರೆಸಬೇಕಂತೆ! ಹಾದರಕ್ಕೆ ಕಟ್ಟುನಿಟ್ಟಿನ ಕಾನೂನು ತಂದಿದ್ದ ಚಕ್ರವರ್ತಿ ಅಗಸ್ಟಸ್‌ಗೆ ಈ ತಮಾಷೆ ರುಚಿಸಲಿಲ್ಲ. ಕ್ರಿ.ಶ. 8ರಲ್ಲಿ ಕವಿಯನ್ನು ಕಪ್ಪುಸಮುದ್ರದ ದಡದ ಟೋಮಿಸ್‌ಗೆ, ಅಂದರೆ ಇಂದಿನ ರೊಮೇನಿಯಾದ ಕಾನ್‌ಸ್ಟಾಂಟ್ಸಾಗೆ ಗಡಿಪಾರು ಮಾಡಿದ. ಕಾರಣ ಒಂದು ಕವಿತೆ ಮತ್ತು ಒಂದು ತಪ್ಪು ಎಂದಷ್ಟೇ ಓವಿಡ್ ಹೇಳಿಕೊಂಡ. ಕವಿತೆ ಯಾವುದೆಂದು ಲೋಕಕ್ಕೆ ಗೊತ್ತು. ಆ ತಪ್ಪು ಏನೆಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ.

‘ಬಾ’ ಎಂದರೆ ಬರಬೇಡ, ‘ಬರಬೇಡ’ ಎಂದರೆ ಬಾ. ಈ ಪ್ರೇಮಭಾಷೆಯ ಮೇಲೆಯೇ ನಮ್ಮ ಕಾವ್ಯಮೀಮಾಂಸೆಯ ಒಂದು ದೊಡ್ಡ ಕಂಬ ನಿಂತಿದೆ ಎಂದರೆ ನಂಬುತ್ತೀರಾ? ಶಾತವಾಹನ ದೊರೆ ಹಾಲ ಕೂಡಿಸಿದ್ದೆನ್ನುವ ‘ಗಾಥಾಸಪ್ತಶತಿ’ ಪ್ರಾಕೃತದ ಸುಮಾರು ಏಳುನೂರು ಬಿಡಿಪದ್ಯಗಳ ಸಂಗ್ರಹ. ಹಳ್ಳಿಯ ಹೆಂಗಸರು, ದಾರಿಹೋಕರು, ಊರಲ್ಲಿಲ್ಲದ ಗಂಡಂದಿರು, ಎಲ್ಲಕ್ಕೂ ಕಣ್ಣಿಡುವ ಅತ್ತೆಯರು ಅದರ ತುಂಬ. ಅಲ್ಲೊಬ್ಬಳು ರಾತ್ರಿ ತಂಗಲು ಬಂದ ಪಯಣಿಗನಿಗೆ ಅತ್ತೆ ಮಲಗುವುದೆಲ್ಲಿ, ತಾನು ಮಲಗುವುದೆಲ್ಲಿ ಎಂದು ಹಗಲೇ ತೋರಿಸಿಬಿಡುತ್ತಾಳೆ. ನಿನಗೆ ಇರುಳುಗಣ್ಣು, ಕತ್ತಲಲ್ಲಿ ನಮ್ಮ ಹಾಸಿಗೆಗೆ ಎಡವೀಯೆ ಎಂದು ಎಚ್ಚರಿಕೆ ಬೇರೆ. ಇನ್ನೊಬ್ಬಳ ಕಷ್ಟ ಇದಕ್ಕೆ ತಿರುಗಾಮುರುಗ. ಅವಳು ನಲ್ಲನನ್ನು ಕೂಡುವ ಗೋದಾವರಿ ದಂಡೆಯ ಪೊದೆಗೆ ಒಬ್ಬ ಸಾಧುಪುರುಷ ದಿನಾ ಹೂ ಕೊಯ್ಯಲು ಬರುತ್ತಾನೆ. ಅವನಿಗೆ ಅವಳು ಹೇಳುವುದು ಸಿಹಿಸುದ್ದಿ: ನೀನು ಹೆದರುತ್ತಿದ್ದ ನಾಯಿ ಸತ್ತಿತು, ನಿಶ್ಚಿಂತೆಯಾಗಿ ತಿರುಗಾಡು. ಕೊಂದದ್ದು ಇದೇ ಪೊದೆಯಲ್ಲಿರುವ ಸಿಂಹ!

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿ ಎಂದರೇನು ಎಂದು ವಿವರಿಸಲು ಈ ಎರಡನ್ನೂ ಎತ್ತಿಕೊಂಡ. ಒಂದರಲ್ಲಿ ನಿಷೇಧದ ಮಾತು, ಒಳಗೆ ಆಹ್ವಾನ. ಇನ್ನೊಂದರಲ್ಲಿ ಆಹ್ವಾನದ ಮಾತು, ಒಳಗೆ ನಿಷೇಧ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಹಿಡಿದು ಪರೀಕ್ಷೆಗೆ ಕೂತ ಕನ್ನಡ ಎಂ.ಎ. ವಿದ್ಯಾರ್ಥಿಗಳು ಧ್ವನಿಯ ಲಕ್ಷಣವನ್ನು ಉರುಹೊಡೆಯುತ್ತಾರೆ. ಅದರ ಬೇರು ಹಳ್ಳಿಯ ಇಬ್ಬರು ಜಾಣೆಯರ ಕಳ್ಳಾಟದಲ್ಲಿದೆ ಎಂಬುದನ್ನು ಮೇಷ್ಟರು ಒತ್ತಿ ಹೇಳಿದರೆ ಪಾಠ ಬೇಗ ತಲೆಗೆ ಹತ್ತೀತು.

ಹುಡುಗಿ ಒಲ್ಲೆನೆಂದರೆ? ಹಳೆಯ ತಮಿಳು ಕಾವ್ಯದ ಹುಡುಗನ ಬಳಿ ಬ್ರಹ್ಮಾಸ್ತ್ರವೊಂದಿತ್ತು. ತಾಳೆಗರಿಯ ಗರಗಸದಂಥ ದಿಂಡಿನಿಂದ ಕುದುರೆ ಮಾಡಿ, ಎಕ್ಕದ ಹೂವಿನ ಮಾಲೆ ಹಾಕಿಕೊಂಡು, ಅವಳ ಚಿತ್ರ ಹಿಡಿದು, ನಡುಬೀದಿಯಲ್ಲಿ ಸವಾರಿ ಹೊರಡುವುದು. ಮಾನ ಹೋಗುವುದು ಇಬ್ಬರದೂ, ಆದ್ದರಿಂದ ಮನೆಯವರು ಒಪ್ಪಿಯಾರು ಎಂಬ ಲೆಕ್ಕ. ಇದಕ್ಕೆ ‘ಮಡಲ್ ಏರುವುದು’ ಎನ್ನುತ್ತಾರೆ. ಹೆಂಗಸರು ಮಡಲ್ ಏರುವಂತಿಲ್ಲ ಎಂಬ ಕಟ್ಟಳೆಯಿತ್ತು. ತಿರುಮಂಗೈ ಆಳ್ವಾರ್ ಎರಡು ಕೃತಿಗಳಲ್ಲಿ ಅದನ್ನೂ ಮುರಿದ. ಅಲ್ಲಿ ಬೀದಿಗಿಳಿಯುತ್ತೇನೆಂದು ಬೆದರಿಸುವವಳು ಹೆಣ್ಣು, ಬೆದರಿಕೆ ವಿಷ್ಣುವಿಗೆ.

ನಿರಾಕರಣೆಯ ಇನ್ನೊಂದು ಕಥೆ ನಮ್ಮ ಚೋಳಮಂಡಲ ಕರಾವಳಿಯಲ್ಲೇ ನಡೆಯುತ್ತದೆ, ಇಂಗ್ಲಿಷ್ ಕವಿತೆಯೊಳಗೆ. ಎಡ್ವರ್ಡ್ ಲಿಯರ್ 1877ರಲ್ಲಿ ಪ್ರಕಟಿಸಿದ ಅಸಂಬದ್ಧ ಕವಿತೆಯ ನಾಯಕ ಯಾಂಗಿ ಬಾಂಗಿ ಬೋ. ಎರಡು ಹಳೇ ಕುರ್ಚಿ, ಅರ್ಧ ಮೇಣದಬತ್ತಿ, ಹಿಡಿಯಿಲ್ಲದ ಒಂದು ಹೂಜಿ, ಇಷ್ಟೇ ಆಸ್ತಿ. ಕೋಳಿ ಸಾಕುವ ಜಿಂಗ್ಲಿ ಜೋನ್ಸ್‌ಳನ್ನು ಮದುವೆಯಾಗು ಎಂದು ಕೇಳಿದರೆ ಅವಳಿಗಾಗಲೇ ದೂರದೇಶದಲ್ಲಿ ಗಂಡನಿದ್ದಾನೆ! ಪಾಪ, ಆಮೆಯ ಬೆನ್ನೇರಿ ಕಡಲಾಚೆ ಹೊರಟುಹೋಗುತ್ತಾನೆ. ಲಿಯರ್ ಕೊನೆಯವರೆಗೂ ಮದುವೆಯಾಗಲಿಲ್ಲ. ಅವನ ಗೂಬೆ ಮತ್ತು ಬೆಕ್ಕಿನ ಜೋಡಿಯ (1871) ನಸೀಬು ಚೆನ್ನಾಗಿತ್ತು. ಅಲ್ಲಿ ಮದುವೆಯಾಗೋಣ ಎಂದು ಮೊದಲು ಬಾಯಿಬಿಟ್ಟಿದ್ದು ಬೆಕ್ಕಮ್ಮ.

ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತ ನಡೆದ ಟಿಪ್ಪರರಿಯ ಹಾಡು (1912) ಮೂಲತಃ ಪ್ರೇಮಪತ್ರದ ಜಗಳ. ಲಂಡನ್ನಿಗೆ ಬಂದ ಐರಿಷ್ ಹುಡುಗ ಊರಿನ ಹುಡುಗಿಗೆ ಕಾಗದ ಬರೆದು, ತಪ್ಪಿದ್ದರೆ ಪೆನ್ನಿನ ತಪ್ಪು ಎನ್ನುತ್ತಾನೆ. ಅವಳ ಉತ್ತರ: ಇನ್ನೊಬ್ಬ ನನ್ನನ್ನು ಕೇಳುತ್ತಿದ್ದಾನೆ, ಬೇಗ ಬಾ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ ಅದೇ ಧಾಟಿಯಲ್ಲಿ ಕನ್ನಡಕ್ಕೆ ತಿಪ್ಪಾರಳ್ಳಿಯನ್ನು ತಂದರು. ಟಿಪ್ಪರರಿ ಎಲ್ಲಿದೆ ಎಂದು ತಿಳಿಯದವರಿಗೂ ತಿಪ್ಪಾರಳ್ಳಿ ದೂರ ಎಂಬುದು ಗೊತ್ತು.

ಮದುವೆಯ ಮೆಟ್ಟಿಲಿಗೆ ಬಂದರೆ ಕನ್ನಡದ ಹೆಂಗಸರನ್ನು ಮೀರಿಸುವವರಿಲ್ಲ. ಸೋದೆಯ ವಾದಿರಾಜರ ‘ಲಕ್ಷ್ಮೀಶೋಭಾನೆ’ ಇಂದಿಗೂ ಮದುವೆಮನೆಯ ಹಾಡು. ಅದರಲ್ಲಿ ಲಕ್ಷ್ಮಿ ಮಾಲೆ ಹಿಡಿದು ಬಂದು ದೇವತೆಗಳನ್ನೆಲ್ಲ ಒಮ್ಮೆ ಅಳೆದು ತೂಗಿ, ಒಬ್ಬೊಬ್ಬರ ಕುಂದನ್ನೂ ಹೆಕ್ಕಿ ತೆಗೆದು ನಾರಾಯಣನ ಕೊರಳಿಗೆ ಮಾಲೆ ಹಾಕುತ್ತಾಳೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಐನೂರು ವರ್ಷದಷ್ಟು ಹಳೆಯ ಉತ್ತರ ಎಂದೇ ನನ್ನ ಎಣಿಕೆ. ಉರುಟಣೆಯಲ್ಲಿ ವಧೂವರರು ಅರಿಸಿನ ಹಚ್ಚಿಕೊಳ್ಳುವಾಗ ಛೇಡಿಸುವ ಹಾಡು, ಬೀಗರನ್ನು ಕೂರಿಸಿ ಬೀಗಿತ್ತಿಯ ಮಾನ ಹರಾಜು ಹಾಕುವ ಹಾಡು ಬೇರೆ.

ಇವೆಲ್ಲಕ್ಕಿಂತ ನನಗೆ ಇಷ್ಟ ಉತ್ತರ ಕರ್ನಾಟಕದ ಒಡಪು. ಗಂಡನ ಹೆಸರು ಹೇಳಬಾರದು ಎಂಬ ಸಂಪ್ರದಾಯ ಒಂದು ಕಡೆ, ಹೆಸರು ಹೇಳದೆ ಹೊಸ್ತಿಲು ದಾಟಬೇಡ ಎಂದು ಅಡ್ಡಗಟ್ಟುವ ನಾದಿನಿಯರು ಇನ್ನೊಂದು ಕಡೆ. ನಡುವೆ ಸಿಕ್ಕ ಹೊಸ ಸೊಸೆ ಪ್ರಾಸ ಹೆಣೆದು ಅದರೊಳಗೆ ಹೆಸರು ತೂರಿಸುತ್ತಾಳೆ. ಮರಾಠಿಯಲ್ಲಿ ಇದೇ ಉಖಾಣಾ. ಸೀಮಂತ, ಗೃಹಪ್ರವೇಶ, ಯಾವುದಾದರೂ ಸರಿ, ಒಡಪು ಬೇಕು. ಮೊದಮೊದಲು ಮಲ್ಲಿಗೆ, ಚಂದಿರ ಎಲ್ಲ ಬರುತ್ತವೆ. ಸಂಸಾರ ಹಳೆಯದಾದಂತೆ ಹೆಸರಿನ ಜೊತೆ ಅಹವಾಲೂ ಸೇರುತ್ತದೆ. ಮಾದರಿಗೆ ನಾನೇ ಕಟ್ಟಿದ್ದೊಂದು:

ಬೋರಮಾಳ ಕೇಳಿದರ ಮುಂದಿನ ಸುಗ್ಗಿಗಿ ಅಂತಾರ,
ಶಂಕ್ರಪ್ಪನವರು ಚಾ ಮಾತ್ರ ಈಗಿಂದೀಗ ಬೇಕಂತಾರ.

‘ಮೈಸೂರು ಮಲ್ಲಿಗೆ’ (1942) ಎಂದರೆ ದಾಂಪತ್ಯದ ಮಧುರಗೀತೆ ಎಂದಷ್ಟೇ ನೆನೆಯುವವರು ಅದರ ತುಂಟತನ ಮರೆಯುತ್ತಾರೆ. ಅದರ ಒಂದು ಕವಿತೆಯಲ್ಲಿ ಮಾವನ ಮನೆಗೆ ಆಸೆಯಿಂದ ಬಂದ ರಾಯರಿಗೆ ಸತ್ಕಾರವೆಲ್ಲ ಸಿಗುತ್ತದೆ, ಹೆಂಡತಿಯೊಬ್ಬಳನ್ನು ಬಿಟ್ಟು. ಯಾಕೆಂದರೆ ಅವಳು ‘ಹೊರಗಾಗಿದ್ದಾಳೆ’. ಯಾರೂ ಅದನ್ನು ನೇರ ಹೇಳುವುದಿಲ್ಲ. ಬೆಳಗ್ಗೆ ರಾಯರು ಮುನಿದು ಹೊರಟು ನಿಲ್ಲುತ್ತಾರೆ, ಅಷ್ಟರಲ್ಲಿ ಹೆಂಡತಿ ಪದುಮಳ ಸ್ನಾನವಾಗಿರುತ್ತದೆ. ರಾಯರ ಪ್ರಯಾಣ ರದ್ದಾಯಿತೆಂದು ಬೇರೆ ಹೇಳಬೇಕಿಲ್ಲ. ಮುಟ್ಟಿನ ವಿಷಯವನ್ನು ಮನೆಮಂದಿಯೆಲ್ಲ ಹಾಡಿಕೊಳ್ಳುವ ಭಾವಗೀತೆ ಮಾಡಿದ ಕೆ.ಎಸ್.ನ. ಅವರ ಜಾಣ್ಮೆಗೆ ಏನೆನ್ನಬೇಕು?

ಜಿ.ಪಿ. ರಾಜರತ್ನಂ ಹೆಂಡ ಮುಟ್ಟಿದವರಲ್ಲ. ಮಕ್ಕಳ ನಾಯಿಮರಿಯ ಹಾಡು ಬರೆದ ಅದೇ ಕೈ ‘ರತ್ನನ ಪದಗಳು’ ಬರೆಯಿತು. ಹೆಂಡಕುಡುಕ ರತ್ನನಿಗೆ ಹೆಂಡತಿ ನಂಜಿ ಎಂದರೆ ಪ್ರಾಣ. ಆದರೂ ದೇವರು ಬಂದು ಹೆಂಡ ಬಿಡು ಎಂದರೆ ಬಿಟ್ಟಾನು, ಹೆಂಡತಿಯನ್ನು ಬಿಡು ಎಂದರೂ ಒಪ್ಪಿಯಾನು, ಕನ್ನಡ ಬಿಡು ಎಂದರೆ ಮಾತ್ರ ದೇವರ ಮೇಲೇ ತಿರುಗಿಬೀಳುತ್ತಾನೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಚಪ್ಪಾಳೆ ಬೀಳುವುದು ಇಲ್ಲಿಗೇ. ನಂಜಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಗಂಡಸಿನ ಎರಡು ನಾಲಿಗೆ ಎರಡು ಸಾವಿರ ವರ್ಷದಷ್ಟು ಹಳೆಯ ಜೋಕು. ಸಂಗಂ ಸಂಕಲನ ‘ಕುರುಂದೊಗೈ’ಯ ಎಂಟನೆಯ ಕವಿತೆಯಲ್ಲಿ ಪರಸ್ತ್ರೀಯೊಬ್ಬಳು ತನ್ನವನನ್ನು ಆಡಿಕೊಳ್ಳುತ್ತಾಳೆ: ನನ್ನ ಮನೆಯಲ್ಲಿ ಭಾರಿ ಜಂಬ ಕೊಚ್ಚುತ್ತಾನೆ, ತನ್ನ ಮನೆಯಲ್ಲಿ ಮಾತ್ರ ಮಗನ ತಾಯಿ ಆಡಿಸಿದಂತೆ ಆಡುತ್ತಾನೆ. ಇದನ್ನು ಇಂಗ್ಲಿಷಿಗೆ ಒಯ್ದು ಜಗತ್ತಿಗೆ ತೋರಿಸಿದವರು ಮೈಸೂರಿನ ಎ.ಕೆ. ರಾಮಾನುಜನ್.

ಕನ್ನಡದ ಚುಟುಕಕ್ಕೆ ನಾಲ್ಕು ಸಾಲಿನ ಅಚ್ಚು ಹಾಕಿಕೊಟ್ಟ ದಿನಕರ ದೇಸಾಯಿ (1909–1982) ಪ್ರೇಮಕ್ಕಿಂತ ಪುಢಾರಿಗಳನ್ನೇ ಹೆಚ್ಚು ಚುಚ್ಚಿದರು. 1967ರಲ್ಲಿ ತಾವೇ ಲೋಕಸಭೆಗೂ ಹೋಗಿಬಂದರು. ಪ್ರೇಮಿ ಗಂಡನಾಗುವ ದುರಂತವನ್ನು ಹನಿಗವನದ ಖಾಯಂ ಸರಕು ಮಾಡಿದವರಲ್ಲಿ ಡುಂಡಿರಾಜ್ ಮುಂಚೂಣಿಯವರು. ವೃತ್ತಿಯಿಂದ ಬ್ಯಾಂಕ್ ಅಧಿಕಾರಿಯಾಗಿದ್ದವರು. ಸಾಲ ಕೊಡುವಾಗಿನ ನಗುಮುಖ, ವಸೂಲಿ ಮಾಡುವಾಗಿನ ಗಂಟುಮುಖ ಎರಡನ್ನೂ ಹತ್ತಿರದಿಂದ ಕಂಡವರು.

ಪ್ರೇಮ ಕಲಿಸಿದ ಓವಿಡ್ ಅದನ್ನು ಕಳಚಿಕೊಳ್ಳುವುದಕ್ಕೂ ಬೇರೆ ಪುಸ್ತಕ ಬರೆದ. ಹೊಲಗದ್ದೆ ಕೆಲಸಕ್ಕೆ ಇಳಿ, ಊರು ಬಿಟ್ಟು ತಿರುಗು, ಹಳೇ ಕಾಗದ ಓದಬೇಡ, ಸುಟ್ಟುಹಾಕು. ಅವಳು ಸಿಂಗರಿಸಿಕೊಳ್ಳುವ ಮೊದಲೇ ಬೆಳಗ್ಗೆ ಹೇಳದೆ ಕೇಳದೆ ಅವಳ ಮನೆಗೆ ಹೋಗು. ಈ ಕೊನೆಯ ಉಪಾಯವನ್ನು ಅವಳೂ ಮಾಡಬಹುದಲ್ಲ ಎಂದು ನನ್ನ ಗುಮಾನಿ.

ಕಳಚಿಕೊಳ್ಳಲಾಗದ ಗಂಡಂದಿರಿಗೆ ಪದ್ಯವೇ ಗತಿ. ಜಪಾನಿನ 17 ಮಾತ್ರೆಗಳ ಸೆನ್ರ್ಯು ಹೈಕುವಿನ ಪೋಲಿ ತಮ್ಮ. ಹೆಸರು ಬಂದದ್ದು ಸ್ಪರ್ಧೆಗಳ ತೀರ್ಪುಗಾರನಾಗಿದ್ದ ಕರಾಯಿ ಸೆನ್ರ್ಯು (1718–1790) ಎಂಬವನಿಂದ. ಅಲ್ಲಿನ ಒಂದು ಜೀವವಿಮಾ ಕಂಪನಿ 1987ರಲ್ಲಿ ಸಂಬಳದಾರರ ಸೆನ್ರ್ಯು ಎಂದು ಶುರುಮಾಡಿದ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ಆಫೀಸಿನಲ್ಲಿ ಬಾಸು, ಮನೆಯಲ್ಲಿ ಹೆಂಡತಿ, ಇಬ್ಬರ ಎದುರೂ ಬಾಯಿ ಬಿಡಲಾಗದ ಗಂಡಂದಿರು ಅಲ್ಲಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಆಯ್ಕೆಯಾದ ಪದ್ಯಗಳು ಅಚ್ಚಾಗುವುದು ಕಾವ್ಯನಾಮದಲ್ಲಿ.