ಆಹಾರದ ಬ್ಯಾಕ್ಟೀರಿಯಾಕ್ಕೆ ಚಿನ್ನದ ಪತ್ತೇದಾರ

2022ರ ಮೇ ತಿಂಗಳ ಆರಂಭದಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು. ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ರೋಗಿಗಳ ಮಾದರಿಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಹತ್ತರಿಂದ ನೂರು ಜೀವಕೋಶಗಳಷ್ಟು ಒಳಹೊಕ್ಕರೂ ಕಾಯಿಲೆ ತರಬಲ್ಲದು.

ಪ್ರಯೋಗಾಲಯದ ಹಳೆಯ ವಿಧಾನ ನಂಬಿಕಸ್ಥ, ಆದರೆ ನಿಧಾನ. ಆಹಾರದ ಮೂಲಕ ಕಾಯಿಲೆ ತರುವ ಇನ್ನೊಂದು ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾವನ್ನು ಹುಡುಕಬೇಕಾದರೆ 25 ಗ್ರಾಂ ಆಹಾರವನ್ನು ಪೋಷಕ ದ್ರಾವಣದಲ್ಲಿ ಸುಮಾರು 18 ಗಂಟೆ ಬೆಚ್ಚಗಿಡಬೇಕು. ಇತರ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ದ್ರಾವಣದಲ್ಲಿ ಇನ್ನೊಂದು ದಿನ, ಅಗರ್ ತಟ್ಟೆಯಲ್ಲಿ ಮತ್ತೊಂದು ದಿನ, ಆಮೇಲೆ ಖಚಿತಪಡಿಸುವ ಪರೀಕ್ಷೆಗಳು. ಅಷ್ಟರಲ್ಲಿ ಹಾಲು, ಮಾಂಸ ಮಾರಾಟವಾಗಿ ಹೋಗಿರುತ್ತವೆ.

ಈ ಅವಧಿಯನ್ನು ಮೊಟಕುಗೊಳಿಸಲು ಹೊರಟಿರುವುದು ನ್ಯಾನೊಕಣಗಳು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಚಿನ್ನವನ್ನು ಹದಿನೈದಿಪ್ಪತ್ತು ನ್ಯಾನೊಮೀಟರ್ ಕಣಗಳಾಗಿಸಿ ನೀರಿನಲ್ಲಿ ಹರಡಿದರೆ ಅದು ಹಳದಿಯಾಗಿ ಕಾಣುವುದಿಲ್ಲ, ಮಾಣಿಕ್ಯದಂತೆ ಕೆಂಪಗಿರುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಇಂಥ ದ್ರವವನ್ನು ಅಧ್ಯಯನ ಮಾಡಿದ್ದರು. ಕಣಗಳ ಮೇಲಿನ ಎಲೆಕ್ಟ್ರಾನುಗಳು ಹಸಿರು ಬೆಳಕಿಗೆ ಒಟ್ಟಾಗಿ ಸ್ಪಂದಿಸಿ ಅದನ್ನು ಹೀರುವುದೇ ಈ ಬಣ್ಣಕ್ಕೆ ಕಾರಣ. ಕಣಗಳು ಗುಂಪುಗೂಡಿದರೆ ಕೆಂಪು ನೀಲಿಗೆ ತಿರುಗುತ್ತದೆ.

ಬಣ್ಣದ ಈ ಗುಣಕ್ಕೆ ಗುರಿ ಹಿಡಿಯುವ ಶಕ್ತಿ ಕೊಡುವುದು ಪ್ರತಿಕಾಯ. ನಿರ್ದಿಷ್ಟ ಬ್ಯಾಕ್ಟೀರಿಯಾಕ್ಕಷ್ಟೇ ಅಂಟುವ ಪ್ರತಿಕಾಯಗಳನ್ನು ಚಿನ್ನದ ಕಣಗಳಿಗೆ ಹೊದಿಸುತ್ತಾರೆ. ಕೋವಿಡ್ ಪರೀಕ್ಷೆಯಲ್ಲಿ ಬಳಸಿದಂಥ ಕಾಗದಪಟ್ಟಿಯ ಮೇಲೆ ಮಾದರಿ ಹರಿಯುವಾಗ ಬಣ್ಣವಿಲ್ಲದ ಬ್ಯಾಕ್ಟೀರಿಯಾ ಈ ಕಣಗಳನ್ನು ಹೊತ್ತು ಸಾಗಿ, ಮುಂದಿನ ಗೆರೆಯಲ್ಲಿ ಕಾದಿರುವ ಇನ್ನೊಂದು ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ. ಕೆಂಪು ಗೆರೆ ಮೂಡುವುದು ಹಾಗೆ, ಕೆಲವೇ ನಿಮಿಷಗಳಲ್ಲಿ. ಇಂಗಾಲದ ತೆಳು ಹಾಳೆಯಾದ ಗ್ರ್ಯಾಫೀನ್ ಲೇಪಿಸಿದ ಎಲೆಕ್ಟ್ರೋಡುಗಳಲ್ಲಾದರೆ ಬಣ್ಣದ ಬದಲು ವಿದ್ಯುತ್ತಿನ ಏರುಪೇರೇ ಸುಳಿವು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲೂ ಚಿನ್ನದ ನ್ಯಾನೊಕಣ ಬಳಸುವ ಪತ್ತೆ ವಿಧಾನಗಳ ಸಂಶೋಧನೆ ನಡೆದಿದೆ.

ಕಷ್ಟವಿರುವುದು ಬೇರೆಡೆ. 25 ಗ್ರಾಂ ಆಹಾರದಲ್ಲಿ ಒಂದೇ ಒಂದು ಸಾಲ್ಮೊನೆಲ್ಲಾ ಇದ್ದರೂ ಅದು ಸಿಗಬೇಕು. ಆದರೆ ಗೆರೆ ಕಣ್ಣಿಗೆ ಕಾಣಬೇಕಾದರೆ ಮಿಲಿಲೀಟರಿಗೆ ಸಾಮಾನ್ಯವಾಗಿ ಸಾವಿರಾರು, ಲಕ್ಷಾಂತರ ಬ್ಯಾಕ್ಟೀರಿಯಾ ಬೇಕು. ಹೀಗಾಗಿ ಕೆಲವು ಗಂಟೆ ಬೆಳೆಸುವುದು ತಪ್ಪುವುದಿಲ್ಲ. ಪ್ರತಿಕಾಯ ಹೊದ್ದ ಕಾಂತೀಯ ನ್ಯಾನೊಕಣಗಳನ್ನು ಬೆರೆಸಿ, ಅಂಟಿಕೊಂಡ ಬ್ಯಾಕ್ಟೀರಿಯಾಗಳನ್ನು ಆಯಸ್ಕಾಂತದಿಂದ ಒಂದೆಡೆ ಸೆಳೆಯುವುದು ಇನ್ನೊಂದು ಉಪಾಯ. ಜೊತೆಗೆ ಹಾಲಿನ ಕೊಬ್ಬು, ಮಾಂಸದ ಪ್ರೋಟೀನ್ ಕಣಗಳಿಗೆ ಮೆತ್ತಿಕೊಂಡು ಫಲಿತಾಂಶ ಕೆಡಿಸುತ್ತವೆ. ಪ್ರತಿಕಾಯಕ್ಕೆ ಸತ್ತ ಬ್ಯಾಕ್ಟೀರಿಯಾವೂ ಒಂದೇ, ಬದುಕಿರುವುದೂ ಒಂದೇ.

ಆದ್ದರಿಂದ ಈ ಸೆನ್ಸರುಗಳು ಮೊದಲ ಜರಡಿ, ಕೊನೆಯ ತೀರ್ಪಲ್ಲ. ಗೆರೆ ಮೂಡಿದರೆ ಮಾಲನ್ನು ತಡೆದು ಪ್ರಯೋಗಾಲಯಕ್ಕೆ ಕಳಿಸಬಹುದು. ಮೂಡದಿದ್ದರೆ ಅದು ಶುಚಿತ್ವದ ಪ್ರಮಾಣಪತ್ರವಲ್ಲ. ಮಾಂಸದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸುವ ಕೆಲಸ ಅಡುಗೆಯವರದ್ದೇ.