ಅರಿಶಿನದ ಗುಳಿಗೆ: ಮಂಡಿನೋವಿಗೆ ಎಷ್ಟು ಹಿತ, ಎಷ್ಟು ಮಿತ?

ಸಾರಿಗೆ ಒಂದು ಚಿಟಿಕೆ, ಗಾಯಕ್ಕೆ ಒಂದಿಷ್ಟು ಪುಡಿ, ನೆಗಡಿಯಾದಾಗ ಬಿಸಿ ಹಾಲಿಗೆ ಕಾಲು ಚಮಚ. ಅರಿಶಿನದ ಪರಿಚಯವನ್ನು ಕನ್ನಡಿಗರಿಗೆ ಹೊಸದಾಗಿ ಮಾಡಿಕೊಡಬೇಕಾದ್ದಿಲ್ಲ. ಮದುವೆಯಲ್ಲಿ ಮೈಗೆ ಹಚ್ಚುವುದೂ ಅದೇ, ಗೌರಿಹಬ್ಬದ ಬಾಗಿನದಲ್ಲಿ ಇಡುವುದೂ ಅದೇ. ಚಾಮರಾಜನಗರದ ಕಡೆ ಅದು ರೈತರ ಕೈಗೆ ಕಾಸು ತರುವ ಬೆಳೆ. ಈಚಿನ ವರ್ಷಗಳಲ್ಲಿ ಅದೇ ಅರಿಶಿನ ವೇಷ ಬದಲಿಸಿಕೊಂಡು ಔಷಧಿ ಅಂಗಡಿಯ ಕಪಾಟನ್ನು ಸೇರಿದೆ. ‘ಕರ್ಕ್ಯುಮಿನ್’ ಎಂಬ ಹೆಸರಿನ ಗುಳಿಗೆಗಳು ಮಂಡಿನೋವಿಗೆ, ಕೀಲುಗಳ ಊತಕ್ಕೆ ಒಳ್ಳೆಯದೆಂಬ ಪ್ರಚಾರದೊಡನೆ ಮಾರಾಟವಾಗುತ್ತಿವೆ. ಇವುಗಳಿಗೆ ವೈದ್ಯರ ಚೀಟಿ ಬೇಕಿಲ್ಲ. “ಎಷ್ಟಾದರೂ ಅರಿಶಿನ ತಾನೆ, ಏನು ಕೆಡುಕಾದೀತು?” ಎಂಬ ಧೈರ್ಯದಿಂದ ತಿಂಗಳುಗಟ್ಟಲೆ ನುಂಗುವವರಿದ್ದಾರೆ.

ಈ ಧೈರ್ಯ ಅಡುಗೆಮನೆಯ ಅರಿಶಿನಕ್ಕೆ ಸರಿ, ಗುಳಿಗೆಗೆ ಸರಿಯಲ್ಲ. ಎರಡಕ್ಕೂ ಹೆಸರು ಒಂದೇ ಆದರೂ ದೇಹದೊಳಗೆ ಅವು ನಡೆದುಕೊಳ್ಳುವ ರೀತಿ ಬೇರೆ.

ಚಮಚದ ಲೆಕ್ಕ

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವೇ ಕರ್ಕ್ಯುಮಿನ್. ಸುಣ್ಣ ಬೆರೆಸಿದೊಡನೆ ಅರಿಶಿನದ ನೀರು ಕೆಂಪಾಗಿ ಆರತಿಯ ಓಕುಳಿಯಾಗುವುದೂ ಇದರಿಂದಲೇ. 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಎಂಬ ವಿಜ್ಞಾನಿಗಳು ಇದನ್ನು ಅರಿಶಿನದಿಂದ ಬೇರ್ಪಡಿಸಿದರು. ಒಳ್ಳೆಯ ಪುಡಿಯಲ್ಲೂ ಇದರ ಪ್ರಮಾಣ ಸುಮಾರು ಶೇಕಡ 3 ಮಾತ್ರ. ಒಂದು ಟೀ ಚಮಚ ಪುಡಿ 3 ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ ಅದರಲ್ಲಿ 90 ಮಿಲಿಗ್ರಾಂ ಕರ್ಕ್ಯುಮಿನ್ ಇರುತ್ತದೆ.

ಇನ್ನು ಗುಳಿಗೆಯ ಲೆಕ್ಕ. ಶೇಕಡ 95ರ ಸಾರದಿಂದ ತಯಾರಿಸಿದ 500 ಮಿಲಿಗ್ರಾಂನ ಒಂದು ಗುಳಿಗೆಯಲ್ಲಿ 475 ಮಿಲಿಗ್ರಾಂ ಕರ್ಕ್ಯುಮಿನ್ ಇರುತ್ತದೆ. ಅಂದರೆ ಐದು ಚಮಚ ಪುಡಿಯಲ್ಲಿರುವಷ್ಟು! ದಿನಕ್ಕೆ ಎರಡು ಗುಳಿಗೆ ನುಂಗಿದರೆ ಹತ್ತು ಚಮಚದ ಲೆಕ್ಕವಾಯಿತು. ಅಷ್ಟು ಅರಿಶಿನ ಹಾಕಿದ ಸಾರನ್ನು ಯಾರೂ ಬಾಯಿಗೆ ಇಡಲಾರರು. ಆಹಾರದ ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಇಟ್ಟಿರುವ ಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನವೊಂದಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಇದು 180 ಮಿಲಿಗ್ರಾಂ ಆಗುತ್ತದೆ. ಗುಳಿಗೆ ಒಂದೇ ಏಟಿಗೆ ಈ ಮಿತಿಯನ್ನು ದಾಟುತ್ತದೆ.

ಮೆಣಸಿನ ಕೈಚಳಕ

ಬರಿಯ ಕರ್ಕ್ಯುಮಿನ್ ಎಷ್ಟು ತಿಂದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳಿನ ಗೋಡೆ ಮತ್ತು ಪಿತ್ತಜನಕಾಂಗ, ಅಂದರೆ ಲಿವರ್, ಅದಕ್ಕೆ ಇನ್ನೊಂದು ಅಣುವನ್ನು ಜೋಡಿಸಿ ಬೇಗನೆ ಹೊರಸಾಗಿಸಿಬಿಡುತ್ತವೆ. ಇದಕ್ಕೊಂದು ಉಪಾಯವನ್ನು ತೋರಿಸಿಕೊಟ್ಟದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಸೇವಿಸಿದ ಆರೋಗ್ಯವಂತರ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ವಸ್ತುವನ್ನು ಬರೇ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ಹೀರಿಕೆ ಶೇಕಡ 2000ರಷ್ಟು ಏರಿತು. ಇಂದು ಮಾರುಕಟ್ಟೆಯ ಹಲವು ಗುಳಿಗೆಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಕಾರಣಕ್ಕೆ.

ಪೈಪರಿನ್ ಮಾಡುವ ಕೆಲಸವೆಂದರೆ ಹೊರಸಾಗಿಸುವ ಕಿಣ್ವಗಳ ಕೈ ಕಟ್ಟಿಹಾಕುವುದು. ಆ ಕಿಣ್ವಗಳು ಕರ್ಕ್ಯುಮಿನ್ ಒಂದಕ್ಕೇ ಮೀಸಲಾದವಲ್ಲ. ಹೀಗಾಗಿ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಔಷಧಿಗಳೂ ರಕ್ತದಲ್ಲಿ ಲೆಕ್ಕಕ್ಕಿಂತ ಹೆಚ್ಚಾಗಿ ಉಳಿದುಬಿಡಬಹುದು.

ನೋವಿಗೆ ಗುಣವುಂಟೆ?

ಕೀಲಿನ ಮೃದ್ವಸ್ಥಿ ಸವೆದಾಗ ಅಲ್ಲಿ ಉರಿಯೂತ ಹುಟ್ಟುತ್ತದೆ. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚಿ ನೋವು, ಊತ, ಬಿಸಿ ಕಾಣಿಸಿಕೊಳ್ಳುತ್ತವೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಇವುಗಳ ತಯಾರಿಕೆಯನ್ನು ತಡೆಯುತ್ತವೆ. ಕರ್ಕ್ಯುಮಿನ್ ಕೂಡ ಉರಿಯೂತದ ಸರಣಿಯನ್ನು ಕೆಲವೆಡೆ ತಗ್ಗಿಸುತ್ತದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ.

ಮನುಷ್ಯರ ಮೇಲಿನ ಪ್ರಯೋಗಗಳೂ ನಡೆದಿವೆ. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರವನ್ನೂ ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ನನ್ನೂ ನಾಲ್ಕು ವಾರ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ ನೋವಿನ ಶಮನ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹೊಟ್ಟೆಯ ತೊಂದರೆ ಅರಿಶಿನದ ಗುಂಪಿನಲ್ಲಿ ಕಡಿಮೆ. ನೋವಿನ ಮಾತ್ರೆ ಹೊಟ್ಟೆಗೆ ಒಗ್ಗದ ವೃದ್ಧರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ಇಂಥ ಬಹುತೇಕ ಪ್ರಯೋಗಗಳು ಕೆಲವೇ ವಾರಗಳವು. ವರ್ಷಗಟ್ಟಲೆ ನುಂಗಿದರೆ ಏನೆಂಬುದಕ್ಕೆ ಅವು ಉತ್ತರಿಸುವುದಿಲ್ಲ. ಸವೆದ ಮೃದ್ವಸ್ಥಿ ಇದರಿಂದ ಮತ್ತೆ ಬೆಳೆಯುತ್ತದೆಂದು ತಿಳಿಯುವುದೂ ತಪ್ಪು.

ಲಿವರಿನ ದೂರು

ಗುಳಿಗೆಗಳ ಬಳಕೆ ಹೆಚ್ಚಿದಂತೆ ಬೇರೆ ಬೇರೆ ದೇಶಗಳಿಂದ ಒಂದೇ ಬಗೆಯ ದೂರುಗಳು ಬರತೊಡಗಿದವು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳನ್ನು ಸೇವಿಸಿದ ಹಲವರಿಗೆ ಲಿವರಿನ ಉರಿಯೂತ ಕಾಣಿಸಿಕೊಂಡಿತು. 2023ರಲ್ಲಿ ಆಸ್ಟ್ರೇಲಿಯದ ಔಷಧ ನಿಯಂತ್ರಣ ಸಂಸ್ಥೆ 18 ವರದಿಗಳ ಹಿನ್ನೆಲೆಯಲ್ಲಿ ಎಚ್ಚರಿಕೆ ನೀಡಿತು. ಅಮೆರಿಕದ ಸಂಶೋಧಕರು ದಾಖಲಿಸಿದ 10 ಪ್ರಕರಣಗಳಲ್ಲಿ ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಈ ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಅಂದರೆ ಎಲ್ಲರಿಗೂ ಅಪಾಯ ಸಮಾನವಲ್ಲ. ಲಕ್ಷಾಂತರ ಬಳಕೆದಾರರ ನಡುವೆ ಇದು ಅಪರೂಪವೇ ಸರಿ. ಆದರೆ ಯಾರ ಮೈಯಲ್ಲಿ ಆ ಗುಣವಿದೆಯೆಂದು ಗುಳಿಗೆಯ ಡಬ್ಬಿ ಹೇಳಲಾರದು.

ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಹಸಿವು ಮುಚ್ಚಿಹೋಗುವುದು, ಮೈ ನವೆ, ಕಾರಣವಿಲ್ಲದ ಆಯಾಸ – ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯನ್ನು ಅಂದೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಡಬ್ಬಿಯನ್ನೂ ಕೊಂಡೊಯ್ಯಬೇಕು. ಸಕಾಲದಲ್ಲಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದಾರೆ.

ಯಾರಿಗೆ ಬೇಡ?

ಲಿವರಿನ ಕಾಯಿಲೆ ಇದ್ದವರು, ಪಿತ್ತಕೋಶದಲ್ಲಿ ಕಲ್ಲು ಇದ್ದವರು ಗುಳಿಗೆಯಿಂದ ದೂರವಿರುವುದು ಲೇಸು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರಿಗೂ ಇದೇ ಮಾತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಕ್ಲೊಪಿಡೊಗ್ರೆಲ್ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವ ಹೃದ್ರೋಗಿಗಳು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ವಾರ್ಫರಿನ್ ಸೇವಿಸುವವರ ರಕ್ತದ ‘ಐಎನ್‌ಆರ್’ ಅಂಕಿ ಸಾಮಾನ್ಯವಾಗಿ 2ರಿಂದ 3ರೊಳಗಿರಬೇಕು. ಅರಿಶಿನದ ಪೂರಕ ಶುರುಮಾಡಿದ ರೋಗಿಯೊಬ್ಬರಲ್ಲಿ ಅದು 10ನ್ನು ದಾಟಿತೆಂದು ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ತಿಳಿಸಿತು. ಅಷ್ಟಾದರೆ ರಕ್ತಸ್ರಾವದ ಭಯವಿದೆ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಸಕ್ಕರೆ ತೀರ ಇಳಿಯದಂತೆ ನೋಡಿಕೊಳ್ಳಬೇಕು.

ಕೊಳ್ಳುವಾಗ

ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಒಂದು ಗುಳಿಗೆಯಲ್ಲಿ ಕರ್ಕ್ಯುಮಿನ್ ಎಷ್ಟು, ಮೆಣಸಿನ ಸಾರ ಇದೆಯೇ ಎಂಬುದನ್ನು ಓದಬೇಕು. ಹೆಸರು, ವಿಳಾಸವಿಲ್ಲದ ಪೊಟ್ಟಣದ ಪುಡಿಗಳು ಬೇಡವೇ ಬೇಡ. ಒಂದೆರಡು ದಿನದಲ್ಲೇ ಹಳೆಯ ನೋವು ಮಾಯವಾದರೆ ಸಂತೋಷಕ್ಕಿಂತ ಸಂಶಯ ಮೇಲು. ಕೀಲುನೋವಿಗೆಂದು ಮಾರಾಟವಾಗುತ್ತಿದ್ದ ‘ಆರ್ಟ್ರಿ ಕಿಂಗ್’ ಎಂಬ ಪೂರಕದಲ್ಲಿ ಡೈಕ್ಲೊಫೆನಾಕ್ ಮತ್ತು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಬಚ್ಚಿಟ್ಟಿದ್ದವೆಂದು ಅಮೆರಿಕದ ಎಫ್‌ಡಿಎ 2022ರಲ್ಲಿ ಬಯಲುಮಾಡಿತು. ಚೀಟಿಯ ಮೇಲೆ ಅವುಗಳ ಸುಳಿವೇ ಇರಲಿಲ್ಲ. ಸ್ಟಿರಾಯ್ಡ್ ಬೆರೆತಿದೆಯೆಂಬ ಅನುಮಾನವಿದ್ದರೆ, ಬಹುದಿನ ಸೇವಿಸಿದ್ದನ್ನು ತಟ್ಟನೆ ನಿಲ್ಲಿಸುವುದೂ ಅಪಾಯವೇ. ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

ಇಷ್ಟಾದ ಮೇಲೂ ಪ್ರಯತ್ನಿಸಬೇಕೆಂದಿದ್ದರೆ ಮೊದಲು ನೋವು ಯಾವುದರದೆಂದು ತಪಾಸಣೆಯಾಗಬೇಕು. ಮಂಡಿಯ ಸವೆತ ಬೇರೆ, ಆಮವಾತ ಬೇರೆ. ಆಮವಾತದವರು ವೈದ್ಯರು ಕೊಟ್ಟ ಔಷಧಿ ಬಿಟ್ಟು ಗುಳಿಗೆಯನ್ನು ನೆಚ್ಚಿದರೆ ಕೀಲುಗಳೇ ಸೊಟ್ಟಗಾಗಬಹುದು. ಚಿಕಿತ್ಸೆ ನೀಡುವ ವೈದ್ಯರಿಗೆ, ಅಲೋಪತಿಯವರಿರಲಿ ಆಯುರ್ವೇದದವರಿರಲಿ, ತಾವು ಸೇವಿಸುವ ಎಲ್ಲವನ್ನೂ ತಿಳಿಸಬೇಕು. ಕಡಿಮೆ ಪ್ರಮಾಣದಿಂದ, ಊಟದ ಜೊತೆಗೆ, ಒಂದೇ ತಯಾರಿಕೆಯನ್ನು ಆರಂಭಿಸಬೇಕು. ಆರೆಂಟು ವಾರಗಳಲ್ಲಿ ಗುಣ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ದಿನವೂ ಒಂದಿಷ್ಟು ನಡಿಗೆ – ಮಂಡಿಗೆ ಇವುಗಳಿಂದಾಗುವ ಉಪಕಾರವನ್ನು ಯಾವ ಗುಳಿಗೆಯೂ ಮಾಡದು.

ಸಾರಿನ ಅರಿಶಿನಕ್ಕೆ ಯಾರೂ ಹೆದರಬೇಕಾಗಿಲ್ಲ. ಡಬ್ಬಿಯ ಅರಿಶಿನವನ್ನು ಮಾತ್ರ ಔಷಧಿಯೆಂದೇ ತಿಳಿದು, ಔಷಧಿಗೆ ಸಲ್ಲಬೇಕಾದ ಎಚ್ಚರವನ್ನು ಅದಕ್ಕೂ ಸಲ್ಲಿಸಬೇಕು.